ಮಕ್ಕಳ ಒತ್ತಡ: ಕೆಲವು ನಿಮಿಷಗಳ ಉಪಾಯ, ಹೆತ್ತವರ ಹೊಣೆ



ಹದಿಹರೆಯದವರ ಒತ್ತಡದ ಕುರಿತು ನಾವು ಬಹಳ ಮಾತನಾಡುತ್ತೇವೆ. ಆದರೆ ಎದೆ ಡವಗುಟ್ಟಿ, ಅಂಗೈ ಬೆವರಿ, ಓದಿದ್ದೆಲ್ಲ ಮರೆತುಹೋದಂತೆ ತೋರುವ ಗಳಿಗೆಯಲ್ಲಿ ಏನು ಮಾಡಬೇಕೆಂಬುದನ್ನು ಮಕ್ಕಳಿಗೆ ಕಲಿಸುವುದಿಲ್ಲ.

ಅದು ಹೇಡಿತನವಲ್ಲ. ಅಪಾಯ ಎದುರಾಯಿತೆಂದು ಮೆದುಳು ಭಾವಿಸಿದಾಗ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ದೇಹವು ಓಡಲು ಅಥವಾ ಹೋರಾಡಲು ಸಿದ್ಧವಾಗುತ್ತದೆ. ಪ್ರಶ್ನೆಪತ್ರಿಕೆಯ ಮುಂದೆ ಇವೆರಡೂ ಸಾಧ್ಯವಿಲ್ಲ. ಆದ್ದರಿಂದ ದೇಹವನ್ನು ಶಾಂತಗೊಳಿಸಬೇಕು.

ಅದಕ್ಕೆ ಸುಲಭವಾದ ದಾರಿ ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿರಿ. ಉಸಿರು ಬಿಡುವಾಗ ಹೃದಯದ ಬಡಿತ ತಗ್ಗುವುದು ಶರೀರದ ಸಹಜ ಗುಣ. ಎರಡು ಮೂರು ನಿಮಿಷ ಹೀಗೆ ಮಾಡಿರಿ. ಮುಷ್ಟಿ, ಭುಜ, ಪಾದಗಳನ್ನು ಒಂದೊಂದಾಗಿ ಐದು ಸೆಕೆಂಡು ಬಿಗಿಹಿಡಿದು ಸಡಿಲಿಸುವುದು ಇನ್ನೊಂದು ಉಪಾಯ. ಬೆಂಚಿನಲ್ಲಿ ಕುಳಿತೇ ಮಾಡಬಹುದು. ಮನೆಯಲ್ಲಾದರೆ ಮುಖಕ್ಕೆ ತಣ್ಣೀರು ಹಾಕಿಕೊಳ್ಳಿರಿ, ಹತ್ತು ನಿಮಿಷ ಬಿರುಸಾಗಿ ನಡೆಯಿರಿ, ಕಾಡುವ ಚಿಂತೆಯನ್ನು ಕಾಗದದಲ್ಲಿ ಬರೆದಿಡಿರಿ. ಇವನ್ನು ಪರೀಕ್ಷೆಗೆ ಮುನ್ನವೇ ರೂಢಿಸಿಕೊಳ್ಳಬೇಕು. ನಿದ್ದೆಗೆಟ್ಟು ಓದುವುದರಿಂದ ನೆನಪು ಕುಗ್ಗುತ್ತದೆ; 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕು.

ಆದರೆ ಹೆತ್ತವರೇ, ಮಕ್ಕಳು ಹೀಗೆ ಇಳಿಸಿಕೊಂಡ ಹೊರೆಯನ್ನು ನಾವೇ ಮತ್ತೆ ಹೊರಿಸಿದರೆ ಫಲವೇನು? ಮಗು ಹೊಸ್ತಿಲು ದಾಟುವ ಮೊದಲೇ ಎಷ್ಟು ಅಂಕ ಬರಬಹುದೆಂದು ಕೇಳುತ್ತೇವೆ. ಚಿಕ್ಕಪ್ಪನ ಮಗನೊಂದಿಗೆ ಹೋಲಿಸುತ್ತೇವೆ. ಫೇಲಾದರೆ ಓದು ನಿಲ್ಲಿಸುವುದಾಗಿ ಹೆಣ್ಣುಮಗಳನ್ನು ಹೆದರಿಸುತ್ತೇವೆ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಪರೀಕ್ಷೆಯನ್ನು ಅದೇ ವರ್ಷ ಮತ್ತೊಮ್ಮೆ ಬರೆಯಲು ಅವಕಾಶವಿದೆ. ಸರಕಾರ ನೀಡಿದ ಎರಡನೇ ಅವಕಾಶವನ್ನು ಮನೆಯವರು ಏಕೆ ನಿರಾಕರಿಸಬೇಕು?

ಊಟ, ನಿದ್ದೆ ವಾರಗಟ್ಟಲೆ ಕೆಟ್ಟರೆ, ಮಗು ಮಾತು ಬಿಟ್ಟರೆ, ಬದುಕೇ ಬೇಡವೆಂದರೆ ಈ ಕಿರು ಉಪಾಯಗಳು ಸಾಲವು. ಅದನ್ನು ನಾಟಕವೆಂದು ಗದರದೆ, ಮಗುವನ್ನು ಒಂಟಿಯಾಗಿ ಬಿಡದೆ, ವೈದ್ಯರ ಬಳಿಗೆ ಕರೆದೊಯ್ಯಿರಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಜನರೇನೆಂದಾರು ಎಂಬ ಅಂಜಿಕೆಯು ಮಗುವಿನ ಜೀವಕ್ಕಿಂತ ದೊಡ್ಡದಲ್ಲ.

ಇಂದು ರಾತ್ರಿ ಊಟದ ಹೊತ್ತಿನಲ್ಲಿ ಅಂಕಗಳ ಮಾತೆತ್ತದಿರೋಣ. ಹೇಗಿದ್ದೀಯೆಂದು ಕೇಳೋಣ, ಮಗು ಹೇಳಿ ಮುಗಿಸುವವರೆಗೆ ಸುಮ್ಮನಿದ್ದು ಆಲಿಸೋಣ.