ಶೇಕಡಾ ಎರಡರ ದಾನ, ಉಳಿದ ತೊಂಬತ್ತೆಂಟರ ಹೊಣೆ

(ಹಟ್ಟಿಕೇರಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಂಕೋಲೆಯ ಪೇಟೆಯಲ್ಲಿ ಹಾಲಕ್ಕಿ ತಾಯಂದಿರು ಬುಟ್ಟಿಯಲ್ಲಿ ತರಕಾರಿ, ಸೊಪ್ಪು ಇಟ್ಟು ಮಾರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕೊಂಡ ಸೊಪ್ಪು ಕೊಳೆತಿದ್ದರೆ ಮುಂದಿನ ಸಲ ಆ ತಾಯಿಯನ್ನೇ ಕೇಳಬಹುದು. ಯಾವ ನೀರು, ಯಾವ ಗೊಬ್ಬರ ಎಂಬುದನ್ನೂ ಆಕೆ ಹೇಳಬಲ್ಲಳು. ಉತ್ತರ ಕೊಡುವವರು ಎದುರಿಗಿರುವುದೇ ವ್ಯಾಪಾರದ ಮೊದಲ ನೀತಿ. ಆದರೆ ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಪ್ರಯಾಣಿಕರು ಎಸೆದುಹೋಗುವ ತಿಂಡಿಯ ಪೊಟ್ಟಣಗಳು, ಲೋಟಗಳು ಮಳೆಗಾಲದಲ್ಲಿ ಹಳ್ಳಕ್ಕೂ ಗದ್ದೆಗೂ ಬಂದು ಸೇರಿದಾಗ ನಾವು ಯಾರನ್ನು ಕೇಳಬೇಕು? ಇಂದಿನ ನನ್ನ ಮಾತು ಈ ಒಂದು ಪ್ರಶ್ನೆಯ ಸುತ್ತಲಿನದು.

ದೊಡ್ಡ ಕಂಪನಿಗಳು ಇದಕ್ಕೆ ಕೊಡುವ ಉತ್ತರದ ಹೆಸರು 'ಸಾಂಸ್ಥಿಕ ಸಾಮಾಜಿಕ ಹೊಣೆಗಾರಿಕೆ'. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಿವ್ವಳ ಲಾಭವಿರುವ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚಮಾಡಬೇಕು. ಶಾಲೆಗೆ ಬೆಂಚು ಬಂದರೆ, ಕುಡಿಯುವ ನೀರಿನ ಘಟಕ ಬಂದರೆ ಸಂತೋಷವೇ. ಆದರೆ ಕಂಪನಿಯ ದೈನಂದಿನ ವ್ಯವಹಾರದ ಭಾಗವಾದ ಚಟುವಟಿಕೆಯು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಸೇರದು. ಅಂದರೆ ಬಾಣಲೆಯಲ್ಲಿ ಯಾವ ಎಣ್ಣೆ ಕುದಿಯುತ್ತಿದೆ, ಕೋಳಿಯನ್ನು ಹೇಗೆ ಸಾಕಲಾಯಿತು, ಕೆಲಸದ ಹುಡುಗನಿಗೆ ಎಷ್ಟು ಕೂಲಿ ಸಿಕ್ಕಿತು ಎಂಬ ಪ್ರಶ್ನೆಗಳನ್ನು ಈ ಕಲಮು ಕೇಳುವುದೇ ಇಲ್ಲ. ಲಾಭವನ್ನು ಹಂಚುವ ರೀತಿಯನ್ನಷ್ಟೇ ಅದು ನೋಡುತ್ತದೆ. ಗಳಿಸುವ ರೀತಿಯನ್ನು ನೋಡಬೇಕಾದವರು ನಾವು.

ಈ ಪ್ರಶ್ನೆಯನ್ನು ಕರ್ನಾಟಕವು ಬಹಳ ಮುಂಚೆಯೇ ಎತ್ತಿತ್ತು. 1995ರ ಜೂನ್‌ನಲ್ಲಿ ಕೆಂಟುಕಿ ಫ್ರೈಡ್ ಚಿಕನ್ ಕಂಪನಿಯು ಭಾರತದಲ್ಲಿನ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. ಅದೇ ವರ್ಷ, ಆಹಾರದಲ್ಲಿ ಅಜಿನೊಮೊಟೊ ಮಿತಿಮೀರಿದೆ ಎಂಬ ಕಾರಣಕ್ಕೆ ಮಹಾನಗರಪಾಲಿಕೆಯು ಪರವಾನಗಿಯನ್ನು ರದ್ದುಗೊಳಿಸಿತು. ಕಂಪನಿಯು ಉಚ್ಚ ನ್ಯಾಯಾಲಯದ ಮೊರೆಹೊಕ್ಕು ಮಳಿಗೆಯನ್ನು ಪುನಃ ತೆರೆಯಿತು. 1996ರ ಜನವರಿ 30ರಂದು ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು ಒಳನುಗ್ಗಿ ಅದನ್ನು ಧ್ವಂಸಗೊಳಿಸಿದರು. ಗಾಂಧೀಜಿಯವರು ಹುತಾತ್ಮರಾದ ದಿನದಂದು ಗಾಜು ಒಡೆದದ್ದನ್ನು ನಾನು ಸಮರ್ಥಿಸಲಾರೆ. ಆದರೆ ಸಂಘದ ನಾಯಕರಾಗಿದ್ದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಕೇಳಿದ ಪ್ರಶ್ನೆ ಗಾಜಿನೊಂದಿಗೆ ಒಡೆದುಹೋಗಲಿಲ್ಲ. ಮನುಷ್ಯರ ಆಹಾರ ಬೆಳೆಯಬೇಕಾದ ನೆಲದಲ್ಲಿ ಕೋಳಿಯ ಮೇವನ್ನು ಬೆಳೆದರೆ, ಆ ನೆಲದ ರೈತನೂ ಊರೂ ಏನಾಗಬೇಕು?

ಕೇಳಿದರೆ ಉತ್ತರ ಬರುತ್ತದೆ ಎಂಬುದಕ್ಕೆ ಹೊರದೇಶಗಳಲ್ಲಿಯೂ ನಿದರ್ಶನಗಳಿವೆ. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿಯು ತನ್ನ ಆಲೂಗಡ್ಡೆ ಫ್ರೈಗಳನ್ನು ಸಸ್ಯಜನ್ಯ ಎಣ್ಣೆಯಲ್ಲಿ ಕರಿಯುವುದಾಗಿ ಹೇಳಿಕೊಂಡಿತ್ತು. ಆದರೆ ಅವುಗಳಲ್ಲಿ ಗೋಮಾಂಸದ ಅಂಶವಿರುವುದು ಬಯಲಾಯಿತು. 2001ರಲ್ಲಿ ಅಲ್ಲಿನ ಸಸ್ಯಾಹಾರಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2002ರಲ್ಲಿ ಕಂಪನಿಯು ಕ್ಷಮೆ ಕೇಳಿ, ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. 2006ರಲ್ಲಿ ಗ್ರೀನ್‌ಪೀಸ್ ಸಂಘಟನೆಯು, ಅಮೆಜಾನ್ ಕಾಡನ್ನು ಕಡಿದು ಬೆಳೆದ ಸೋಯಾ ಯುರೋಪಿನ ಕೋಳಿಗಳ ಮೇವಾಗುತ್ತಿರುವುದನ್ನು ತೋರಿಸಿಕೊಟ್ಟಿತು. ಗ್ರಾಹಕರ ಒತ್ತಡಕ್ಕೆ ಮಣಿದ ಅದೇ ಮೆಕ್‌ಡೊನಾಲ್ಡ್ಸ್ ವ್ಯಾಪಾರಿಗಳ ಮೇಲೆ ಒತ್ತಡ ತಂದಿತು. ಆ ವರ್ಷದ ಜುಲೈನಲ್ಲಿ, ಹೊಸದಾಗಿ ಕಾಡು ಕಡಿದ ನೆಲದ ಸೋಯಾವನ್ನು ಕೊಳ್ಳುವುದಿಲ್ಲವೆಂದು ಬ್ರೆಜಿಲ್‌ನ ವ್ಯಾಪಾರಿಗಳು ಘೋಷಿಸಿದರು. ಇದು ಗಳಿಕೆಯ ದಾರಿಯನ್ನೇ ತಿದ್ದಿದ ಕ್ರಮ, ಕೇವಲ ದಾನವಲ್ಲ.

ನಮ್ಮ ಕೈಯಲ್ಲಿಯೂ ಸಾಧನಗಳಿವೆ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, ಪೊಟ್ಟಣದ ಮೇಲೆ ಯಾರ ಹೆಸರಿದೆಯೋ ಆ ಕಂಪನಿಯನ್ನೂ ಕಸದ ಸಂಗ್ರಹಕ್ಕೆ ಹೊಣೆಯಾಗಿಸಿವೆ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಿದೆ. ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾಗಿರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮಾವಳಿ ಹೇಳುತ್ತದೆ. ಆದರೆ ಕೇಳುವವರಿಲ್ಲದಿದ್ದರೆ ಇವೆಲ್ಲವೂ ಬರಿಯ ಕಾಗದ.

ವಿದ್ಯಾರ್ಥಿ ಮಿತ್ರರೇ, ಮುಂದಿನ ರವಿವಾರ ಹೆದ್ದಾರಿಯ ಅಂಚಿನಿಂದ ಹಳ್ಳದವರೆಗೆ ನಡೆಯಿರಿ. ಸಿಕ್ಕ ಪೊಟ್ಟಣಗಳನ್ನು ಆರಿಸಿ, ಯಾವ ಕಂಪನಿಯದು ಎಷ್ಟು ಎಂದು ಎಣಿಸಿ ಬರೆದಿಡಿರಿ. ಶಾಲೆಯ ಗೇಟಿನಿಂದ 50 ಮೀಟರ್ ಅಳೆದು ನೋಡಿರಿ. ಹಿರಿಯರೇ, ಮಕ್ಕಳ ಆ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿಸಿ, ಠರಾವು ಮಾಡಿ, ಆಯಾ ಕಂಪನಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳುಹಿಸಿರಿ. ನಾಳೆ ಯಾವುದೇ ಕಂಪನಿ ಶಾಲೆಗೆ ಬೆಂಚು ಕೊಡಲು ಬಂದರೆ, ವಂದನೆ ಹೇಳುವ ಮೊದಲು ಈ ಲೆಕ್ಕವನ್ನು ಮುಂದಿಡಿರಿ.

ನಮ್ಮ ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹಣ್ಣು ಯಾವ ನೆಲದ್ದೆಂದು ಈಗ ಲೋಕಕ್ಕೇ ಗೊತ್ತು. ಪೊಟ್ಟಣದ ತಿಂಡಿಯವರಿಂದಲೂ ನಾವು ಕೇಳುತ್ತಿರುವುದು ಇಷ್ಟನ್ನೇ: ಎಲ್ಲಿಂದ ಬಂತು, ಯಾರು ಬೆಳೆದರು, ಕಸ ಎಲ್ಲಿಗೆ ಹೋಗುತ್ತದೆ? ಬುಟ್ಟಿ ಹೊತ್ತ ತಾಯಿ ಕೊಡಬಲ್ಲ ಉತ್ತರವನ್ನು ಕೋಟಿಗಟ್ಟಲೆ ವ್ಯವಹಾರ ಮಾಡುವ ಕಂಪನಿಯೂ ಕೊಡಲಿ.