ಬೋಧನಾ ಆಸ್ಪತ್ರೆಗಳ ಸ್ಕ್ಯಾನಿಂಗ್ ವಿಭಾಗ: ಆಯ ಮತ್ತು ವ್ಯಯ
(ಭಾಷಣದ ಪಠ್ಯ)



ಮುಂಬಯಿಯ ಕೆ.ಇ.ಎಂ., ಹೈದರಾಬಾದಿನ ಗಾಂಧಿ ಆಸ್ಪತ್ರೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ಮುಂತಾದ ಸಾರ್ವಜನಿಕ ಬೋಧನಾ ಆಸ್ಪತ್ರೆಗಳಲ್ಲಿ ರೋಗಿಯು ತೆರುವ ಶುಲ್ಕಕ್ಕೂ ಪರೀಕ್ಷೆಗೆ ತಗಲುವ ವೆಚ್ಚಕ್ಕೂ ಅಂತರವಿದೆ. ಆ ಅಂತರವನ್ನು ತುಂಬುವುದು ಜನತೆಯ ತೆರಿಗೆಯ ಹಣ. ಆದುದರಿಂದ ಅದರ ವಿನಿಯೋಗವನ್ನು ಜನತೆ ಅರಿಯುವುದು ಯುಕ್ತ.

ಸಿ.ಟಿ., ಎಂ.ಆರ್.ಐ. ಯಂತ್ರಗಳ ಬೆಲೆ ಕೋಟಿಗಳಲ್ಲಿರುತ್ತದೆ. ಆದರೆ ಖರೀದಿಯೊಂದಿಗೆ ಖರ್ಚು ಮುಗಿಯುವುದಿಲ್ಲ. ಸಿ.ಟಿ. ಯಂತ್ರದ ಕ್ಷ-ಕಿರಣ ನಳಿಕೆ ಬಳಕೆಯಿಂದ ಸವೆಯುತ್ತದೆ. ಅದನ್ನು ಬದಲಿಸುವುದು ದುಬಾರಿಯಾದ ಕೆಲಸ. ದ್ರವ ಹೀಲಿಯಂ ಬಳಸುವ ಎಂ.ಆರ್.ಐ. ಯಂತ್ರದ ಅಯಸ್ಕಾಂತವನ್ನು ಶೂನ್ಯಕ್ಕಿಂತ ಸುಮಾರು 269 ಡಿಗ್ರಿ ಸೆಲ್ಸಿಯಸ್ ಕೆಳಗಿನ ಶೈತ್ಯದಲ್ಲಿ ಕಾಪಾಡಬೇಕು. ರೋಗಿಗಳಿಲ್ಲದ ರಾತ್ರಿಯಲ್ಲಿಯೂ ಅದಕ್ಕೆ ವಿದ್ಯುತ್ತು ಬೇಕು. ವಾರಂಟಿ ಅವಧಿ ಮುಗಿದ ಮೇಲೆ ವಾರ್ಷಿಕ ನಿರ್ವಹಣಾ ಒಪ್ಪಂದದ ಹಣ ಪ್ರತಿವರ್ಷವೂ ಸಲ್ಲಬೇಕು.

ಖರೀದಿಯ ಹಣ ಬಂಡವಾಳ ವೆಚ್ಚದಿಂದಲೂ, ನಿರ್ವಹಣೆಯ ಹಣ ರಾಜಸ್ವ ವೆಚ್ಚದಿಂದಲೂ ಬರುತ್ತದೆ. ಎರಡನೆಯದು ತಡವಾದರೆ ಯಂತ್ರ ಕೆಟ್ಟು ನಿಲ್ಲುತ್ತದೆ. ಬಡ ರೋಗಿಯು ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಹೋಗಬೇಕಾಗುತ್ತದೆ. ನಿಂತ ಯಂತ್ರ ಖಜಾನೆಗೂ ನಷ್ಟವೇ. ಉದಾಹರಣೆಗೆ, ಒಂದು ಯಂತ್ರದ ಸ್ಥಿರ ವೆಚ್ಚ ವರ್ಷಕ್ಕೆ 1 ಕೋಟಿ ರೂಪಾಯಿ ಎಂದು ಭಾವಿಸೋಣ. 10,000 ಪರೀಕ್ಷೆಗಳು ನಡೆದರೆ ತಲಾ 1,000 ರೂಪಾಯಿ ಬೀಳುತ್ತದೆ. 5,000 ಮಾತ್ರ ನಡೆದರೆ 2,000 ರೂಪಾಯಿ.

ಬೋಧನಾ ಆಸ್ಪತ್ರೆಗೆ ಇನ್ನೊಂದು ಹೊಣೆಯುಂಟು. ಸ್ನಾತಕೋತ್ತರ ವಿದ್ಯಾರ್ಥಿ ಬರೆದ ವರದಿಯನ್ನು ಅಧ್ಯಾಪಕರು ಪರಿಶೀಲಿಸಿ, ತಿದ್ದಿ ಕಲಿಸಬೇಕು. ಈ ವೇಳೆಯ ವೆಚ್ಚ ಶಿಕ್ಷಣಕ್ಕೆ ಸೇರಿದ್ದು. ಅದನ್ನು ರೋಗಿಯ ಶುಲ್ಕದ ಮೇಲೆ ಹೇರುವುದು ನ್ಯಾಯವಲ್ಲ. ಶಿಕ್ಷಣದ ಲೆಕ್ಕ ಬೇರೆ, ಚಿಕಿತ್ಸೆಯ ಲೆಕ್ಕ ಬೇರೆ ಇಟ್ಟರೆ ಮಾತ್ರ ವಿಭಾಗದ ನಿಜಸ್ಥಿತಿ ತಿಳಿಯುತ್ತದೆ.

ಇನ್ನು ಆದಾಯದ ವಿಚಾರ. 2018ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ರಕ್ಷಣೆಯಿದೆ. ಒಳರೋಗಿಯ ಪರೀಕ್ಷೆಗಳ ವೆಚ್ಚ ಸಾಮಾನ್ಯವಾಗಿ ಚಿಕಿತ್ಸೆಯ ನಿಗದಿತ ಮೊತ್ತದಲ್ಲಿಯೇ ಅಡಕವಾಗಿರುತ್ತದೆ. ಹೀಗಾಗಿ ಸ್ಕ್ಯಾನಿಂಗ್ ವಿಭಾಗದ ದುಡಿಮೆ ಅದರ ಹೆಸರಿನಲ್ಲಿ ಆದಾಯವಾಗಿ ಕಾಣದೆ ಹೋಗಬಹುದು. 2022ರ ಮೇ ತಿಂಗಳಲ್ಲಿ ದೆಹಲಿಯ ಸಂಸ್ಥೆಯು 300 ರೂಪಾಯಿವರೆಗಿನ ತಪಾಸಣೆಗಳ ಶುಲ್ಕವನ್ನು ಕೈಬಿಟ್ಟಿತು. ಬಡವರಿಗೆ ಅದು ನೆರವಾಯಿತು. ಆದರೆ ವೆಚ್ಚ ಇಲ್ಲವಾಗಲಿಲ್ಲ, ಅನುದಾನದ ಪಾಲಿಗೆ ಸೇರಿತು.

ಉಚಿತ ಸೇವೆ ಉಳಿಯಬೇಕಾದರೆ ಯಂತ್ರ ಕೊಳ್ಳುವ ದಿನವೇ ಅದರ ಪೂರ್ಣ ಆಯುಷ್ಯದ ನಿರ್ವಹಣೆಗೆ ಹಣ ಗೊತ್ತುಪಡಿಸತಕ್ಕದ್ದು. ಸಾರ್ವಜನಿಕರೂ ಹಳೆಯ ಫಿಲ್ಮು ಹಾಗೂ ವರದಿಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸಬೇಕು, ಗೊತ್ತುಪಡಿಸಿದ ವೇಳೆಗೆ ಹಾಜರಾಗಬೇಕು. ಅನವಶ್ಯಕವಾದ ಒಂದು ಪರೀಕ್ಷೆ ತಪ್ಪಿದರೆ, ಸರದಿಯಲ್ಲಿ ಕಾದಿರುವ ಮತ್ತೊಬ್ಬ ರೋಗಿಗೆ ಆ ವೇಳೆ ದೊರೆಯುತ್ತದೆ.