ಸಕ್ಕರೆ ಕಾಯಿಲೆ: ಮುಚ್ಚಿಡದಿರೋಣ, ಬರೆದಿಡೋಣ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರಲ್ಲ, ವಿಜಯನಗರದಲ್ಲಿ ಉರ್ದು, ಕನ್ನಡ ಕಲಿಸುವ ಶಿಕ್ಷಕಿ. ನಮ್ಮ ದಾದಿಗೆ ಸಕ್ಕರೆ ಕಾಯಿಲೆ ಇತ್ತು. ಮನೆಯ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ದೊಡ್ಡವರು ಅದನ್ನು ಮಕ್ಕಳಿಗೂ ಹೇಳಲಿಲ್ಲ. ಅಬ್ಬಾ ಪರೀಕ್ಷೆ ಮಾಡಿಸಿಕೊಳ್ಳಲೇ ಇಲ್ಲ. ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗಲೇ ಕಾಯಿಲೆ ಗೊತ್ತಾಯಿತು. ಒಂದು ಬೆರಳು ಹೋಯಿತು.

ಟೈಪ್ 2 ಮಧುಮೇಹ ಸಾಮಾನ್ಯವಾಗಿ ಒಂದೇ ಜೀನಿನಿಂದ ಬರುವುದಿಲ್ಲ. ಹಲವಾರು ಜೀನುಗಳು ಸ್ವಲ್ಪ ಸ್ವಲ್ಪ ಪಾಲು ಕೊಡುತ್ತವೆ. ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಮಕ್ಕಳಿಗೆ ಜೀವಮಾನದಲ್ಲಿ ಬರುವ ಸಂಭವ ಸುಮಾರು ಶೇ. 40, ಇಬ್ಬರಿಗೂ ಇದ್ದರೆ ಶೇ. 70ರ ಹತ್ತಿರ ಎಂಬುದು ವೈದ್ಯರ ಅಂದಾಜು.

ಆದರೆ ಮನೆತನದಿಂದ ಬರುವುದು ಜೀನು ಮಾತ್ರವಲ್ಲ. ಅಡುಗೆ, ಅಭ್ಯಾಸ, ತಾಯಿಯ ಗರ್ಭವೂ ಸೇರಿದೆ. 1997–98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು, ನಂತರ ಅವರ ಮಕ್ಕಳನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತು–ಹತ್ತರ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ.

ಹಾಗಾದರೆ ಹಣೆಬರಹವೆಂದು ಸುಮ್ಮನೆ ಕೂರಬೇಕೇ? ಖಂಡಿತ ಬೇಡ. ಸಕ್ಕರೆ ಏರತೊಡಗಿದ್ದವರ ಮೇಲೆ ನಡೆದ ಭಾರತೀಯ ಅಧ್ಯಯನವೊಂದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ನಡಿಗೆ, ಹಿತಮಿತ ಆಹಾರ ರೂಢಿಸಿಕೊಂಡವರಲ್ಲಿ ಸುಮಾರು ಮೂರು ವರ್ಷಗಳಲ್ಲಿ ಮಧುಮೇಹ ಬರುವ ಸಂಭವ ಶೇ. 28ರಷ್ಟು ಕಡಿಮೆಯಾಗಿತ್ತು.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ. ದಾದಾ, ದಾದಿ, ನಾನಾ, ನಾನಿ, ಅಬ್ಬಾ, ಅಮ್ಮಿ, ಚಾಚಾ, ಫೂಫಿ, ಮಾಮು, ಖಾಲಾ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಯಾರಿಗೆ ಸಕ್ಕರೆ ಇದೆ, ಎಷ್ಟನೇ ವಯಸ್ಸಿಗೆ ಬಂತು, ಬಸುರಿನಲ್ಲಿ ಯಾರಿಗೆ ಬಂದಿತ್ತು ಎಂದು ಕೇಳಿ ತುಂಬಿ, ಡಾಕ್ಟರಿಗೆ ತೋರಿಸಿ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ ತಪಾಸಣೆ ಇದೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಬಂದರೆ ಎಚ್ಚರಿಕೆ. 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆ. ಇಷ್ಟು ಮನೆಗಳಲ್ಲಿ ಇರುವುದನ್ನು ಮುಚ್ಚಿಡುವುದೇಕೆ?

ನನ್ನ ಹಾಳೆ ತುಂಬಿಸಿದ್ದೇನೆ. ನನ್ನ ಬೆಳಗಿನ ಸಕ್ಕರೆ 112 ಬಂದಿತ್ತು. ಈಗ ಶಾಲೆಯಿಂದ ಮನೆಗೆ ನಡೆದೇ ಹೋಗುತ್ತೇನೆ. ನನ್ನ ಮಗಳಿಗೂ ಇದನ್ನು ಹೇಳಿದ್ದೇನೆ. ನೀವೂ ನಿಮ್ಮ ಮಕ್ಕಳಿಗೆ ಹೇಳಿ.